ಚರ್ಚಿನ ಹಿಂದಿನ ಕೋಣೆಯಲ್ಲಿ ವ್ಯಸನಮುಕ್ತಿ ಗುಂಪು ನಡೆಸುವಾಗ

ನಮ್ಮ ಹುಬ್ಬಳ್ಳಿ-ಧಾರವಾಡದ ಸಭೆಗಳಲ್ಲಿ ಈ ಸೇವೆ ಶುರುವಾಗುವ ರೀತಿ ಹೆಚ್ಚುಕಡಿಮೆ ಒಂದೇ. ಭಾನುವಾರದ ಆರಾಧನೆ ಮುಗಿದ ಮೇಲೆ ಒಬ್ಬ ತಾಯಿಯೋ ಹೆಂಡತಿಯೋ ಸಭಾಪಾಲಕರ ಹತ್ತಿರ ಬಂದು ನಿಲ್ಲುತ್ತಾಳೆ. ಸಭಾಪಾಲಕರು ಸಂಜೆ ಆ ಮನೆಗೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. ಕುಡಿಯುವ ಮಗನೋ ಗಂಡನೋ ಬೈಬಲ್ ಮುಟ್ಟಿ "ಇವತ್ತಿಂದ ಮುಟ್ಟಂಗಿಲ್ರಿ ಪಾಸ್ಟರ್" ಎನ್ನುತ್ತಾನೆ. ಎಲ್ಲರ ಕಣ್ಣಲ್ಲೂ ನೀರು. ಆ ಮಾತಿನಿಂದ ಮುಂದಿನ ನಾಲ್ಕು ದಿನಗಳೇ ಇಡೀ ಕೆಲಸದಲ್ಲಿ ಅತಿ ಅಪಾಯದ ಹೊತ್ತು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಪಾಸ್ಟರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಗುಂಪಿನ ಮುಂದಾಳುಗಳಿಗೆ ನಾವು ಮೊದಲು ಕಲಿಸುವುದು ಲೆಕ್ಕ. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್‌ನಲ್ಲಿ ಆಲ್ಕೋಹಾಲ್ ಪ್ರಮಾಣ ಶೇ 42.8. ಹಾಗಾದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ವೈದ್ಯರು 10 ಗ್ರಾಂ ಅನ್ನು ಒಂದು ಅಳತೆ ಎಂದು ಹಿಡಿಯುವುದರಿಂದ ಇದು ಆರು ಅಳತೆ. "ಭಾಳ ಇಲ್ರಿ, ದಿನಾ ಎರಡು ಕ್ವಾರ್ಟರ್ ಅಷ್ಟ" ಎನ್ನುವವನು ದಿನಕ್ಕೆ ಹನ್ನೆರಡು ಅಳತೆ ಕುಡಿಯುತ್ತಿದ್ದಾನೆ. ಅವನ ಮಿದುಳು ವರ್ಷಗಟ್ಟಲೆ ಆ ಮತ್ತಿಗೆ ಎದುರಾಗಿ ಒತ್ತುತ್ತಾ ಬಂದಿರುತ್ತದೆ. ಮದ್ಯ ಒಮ್ಮೆಲೇ ಇಲ್ಲವಾದರೆ ಆ ಒತ್ತಡ ಮಾತ್ರ ಉಳಿಯುತ್ತದೆ. ಕೊನೆಯ ಗುಟುಕಿನ ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು, ವಾಕರಿಕೆ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಹೊತ್ತು-ಜಾಗದ ಅರಿವು ತಪ್ಪುತ್ತದೆ, ಜ್ವರ ಬರುತ್ತದೆ, ಗೋಡೆಯ ಮೇಲೆ ಹುಳ ಹರಿದಾಡುತ್ತವೆ, ಯಾರೋ ಹೊಡೆಯಲು ಬಂದಂತೆ ಕೂಗುತ್ತಾನೆ. ಇದಕ್ಕೆ ಚಿಕಿತ್ಸೆ ಸಿಗದೆ ಸತ್ತವರಿದ್ದಾರೆ.

ಕ್ರೈಸ್ತ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಭಾನುವಾರ ಆಣೆ ಮಾಡಿದವನು ಬುಧವಾರ ರಾತ್ರಿ ಹೀಗೆ ಕೂಗಾಡಿದರೆ "ದೆವ್ವ ಹೊರಗ ಬರಾಕತ್ತೈತಿ" ಎಂದು ತಿಳಿದು ಬಿಡುಗಡೆ ಪ್ರಾರ್ಥನೆಗೆ ಜನ ಸೇರಿಸುತ್ತಾರೆ, ಉಪವಾಸ ಹಾಕುತ್ತಾರೆ. ಉಪವಾಸವಂತೂ ಆ ಹೊತ್ತಿಗೆ ವಿಷವಿದ್ದಂತೆ. ಬಹುಕಾಲ ಕುಡಿದವನ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಮೊದಲೇ ಬರಿದಾಗಿರುತ್ತದೆ. ಓಣಿಯ ದವಾಖಾನೆಗೆ ಒಯ್ದು "ಸುಸ್ತಾಗ್ಯಾನ, ಒಂದ್ ಗ್ಲೂಕೋಸ್ ಬಾಟ್ಲಿ ಏರಸ್ರಿ" ಎಂದರೂ ಅಪಾಯವೇ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಅಷ್ಟಿಷ್ಟು ಬಿ1 ಕೂಡ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಮರ್ಯಾದೆಗೆ ಅಂಜಿ ಕುಡಿತದ ವಿಷಯ ಮುಚ್ಚಿಟ್ಟರೆ ಡಾಕ್ಟರಿಗಾದರೂ ಹೇಗೆ ತಿಳಿಯಬೇಕು? ಜೊತೆಗೆ ಹೋದವರು ಬಾಗಿಲಲ್ಲೇ ಹೇಳಿಬಿಡಬೇಕು: ದಿನಾ ಕುಡಿಯುವವನು, ಕೊನೆಗೆ ಕುಡಿದದ್ದು ಇಂಥ ಹೊತ್ತಿಗೆ. ಕಣ್ಣು ಇಲ್ಲದ್ದನ್ನು ಕಾಣುವುದು, ಎಚ್ಚರವಾದೊಡನೆ ಮತ್ತೆ ಕುಡಿತವನ್ನೇ ಹುಡುಕುವುದು ಬೈಬಲಿನ ಜ್ಞಾನೋಕ್ತಿ 23ನೆಯ ಅಧ್ಯಾಯದ ಕೊನೆಯಲ್ಲೇ ಇದೆ. ಅಲ್ಲಿ ಅದಕ್ಕೆ ಕಾರಣ ಮದ್ಯ, ದೆವ್ವದ ಹೆಸರೇ ಇಲ್ಲ. ಹಿರಿಯರು ಹಟ ಹಿಡಿದಾಗ ನಾವು ಈ ವಚನ ತೆಗೆದು ಮುಂದಿಡುತ್ತೇವೆ. ವಾದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಹೊಸಬ ಬಂದಾಗ ಐದು ಪ್ರಶ್ನೆ ಕೇಳುತ್ತೇವೆ. ದಿನಕ್ಕೆ ಎಷ್ಟು? ಕೊನೆಯದು ಯಾವಾಗ? ಬೆಳಿಗ್ಗೆ ಎದ್ದ ಕೂಡಲೇ ಬೇಕೇ? ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಆಗಿತ್ತೇ? ನಿದ್ದೆ ಮಾತ್ರೆ, ಕಾಮಾಲೆ, ರಕ್ತವಾಂತಿ ಏನಾದರೂ ಉಂಟೇ? ಬೆಳಗಿನ ಕುಡಿತ ಅಥವಾ ಹಳೆಯ ಫಿಟ್ಸ್ ಇದ್ದರೆ ಅಂದೇ ಬಿಡಿಸುವ ಪ್ರಾರ್ಥನೆ ಮಾಡುವುದಿಲ್ಲ. "ನಾಳೆ ಆಸ್ಪತ್ರೆ ಮುಟ್ಟುವ ತನಕ ಒಮ್ಮೆಲೇ ಪೂರ್ತಿ ನಿಲ್ಲಿಸಬೇಡ" ಎಂದು ಹೇಳಿ ಕಳಿಸುತ್ತೇವೆ. ಚರ್ಚಿನೊಳಗೆ ನಿಂತು ಈ ಮಾತು ಹೇಳುವುದು ಸಭೆಯವರಿಗೆ ಅಜೀರ್ಣ. ಹೊಸ ಮುಂದಾಳುಗಳೂ ಈ ಹಂತದಲ್ಲೇ ತಡವರಿಸುತ್ತಾರೆ. ಆದರೂ ಹೇಳಲೇಬೇಕು.

ಆಸ್ಪತ್ರೆ ಅಂದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಅಥವಾ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ). ಗದಗ, ಹಾವೇರಿಯವರಿಗೆ ಅಲ್ಲಿಯ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಡಿಮ್ಹಾನ್ಸ್ ಎಂದ ಕೂಡಲೇ "ಹುಚ್ಚರ ಆಸ್ಪತ್ರಿಗೆ ಯಾಕ್ರಿ" ಎಂಬ ಮಾತು ಬಂದೇ ಬರುತ್ತದೆ. ಇದಕ್ಕೆ ಭಾಷಣ ಕೊಟ್ಟು ಉಪಯೋಗವಿಲ್ಲ. ಅಲ್ಲಿ ಇದ್ದು ಬಂದ ಒಬ್ಬನನ್ನು ಜೊತೆಗೆ ಕಳಿಸಿದರೆ ಸಾಕು. ಮೈಯಿಂದ ಮದ್ಯ ಇಳಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ ಐದರಿಂದ ಹತ್ತು ದಿನ ಹಿಡಿಯುತ್ತದೆ. ಮಧ್ಯರಾತ್ರಿ ಯಾರೂ ಸಿಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ಈ ಎರಡೂ ನಂಬರನ್ನು ಕೋಣೆಯ ಬಾಗಿಲಿನ ಹಿಂದೆ ದೊಡ್ಡದಾಗಿ ಬರೆದು ಅಂಟಿಸಿದ್ದೇವೆ.

ಇನ್ನೊಂದು ಆಸೆ ಒಳ್ಳೆಯ ಮನಸ್ಸಿನಿಂದಲೇ ಹುಟ್ಟುತ್ತದೆ: ಪಾರ್ಸನೇಜಿನ, ಅಂದರೆ ಪಾಸ್ಟರ ಮನೆಯ, ಒಂದು ರೂಮಿನಲ್ಲಿ ಹತ್ತು ದಿನ ಇಟ್ಟು, ಹೊರಗಿನಿಂದ ಚಿಲಕ ಹಾಕಿ, ಪ್ರಾರ್ಥನೆಯಲ್ಲೇ ಬಿಡಿಸೋಣ ಎಂಬುದು. ಮಾಡಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಯಲ್ಲಿ ಮದ್ಯ, ಮಾದಕದ ವ್ಯಸನವೂ ಬರುತ್ತದೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗಕ್ಕೆ ನೋಂದಣಿ ಬೇಕು. ಸರಪಳಿ ಹಾಕುವುದು ನಿಷಿದ್ಧ. ಕಾಯ್ದೆ ಬದಿಗಿರಲಿ, ಒಳಗೆ ಫಿಟ್ಸ್ ಬಂದರೆ ಚಿಲಕ ತೆಗೆಯುವಷ್ಟರಲ್ಲಿ ಏನಾದರೂ ಆಗಬಹುದು.

ಇಷ್ಟಾದ ಮೇಲೆ ಸಭೆಯ ಪಾಲಿನ ಕೆಲಸ ಬರುತ್ತದೆ. ಹತ್ತು ದಿನದ ಚಿಕಿತ್ಸೆ ಮುಗಿಸಿ ಬಂದವನು ಹನ್ನೊಂದನೆಯ ದಿನ ಸಂಜೆ ಎಲ್ಲಿ ಕೂರಬೇಕು? ಅವನಿಗೆ ಗೊತ್ತಿರುವ ಗೆಳೆಯರೆಲ್ಲ ಬಾರಿನಲ್ಲಿದ್ದಾರೆ. ಆಸ್ಪತ್ರೆ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಸಭೆ ಕೊಡಬಲ್ಲದು, ಕೋಣೆ ಪ್ರತಿ ವಾರ ಅದೇ ಹೊತ್ತಿಗೆ ತೆರೆದಿದ್ದರೆ.

ದಿನ ಆಯುವಾಗ ಪಗಾರ ನೋಡಬೇಕು. ಗೌಂಡಿ ಕೆಲಸ, ಹಮಾಲಿ, ಗ್ಯಾರೇಜಿನವರಿಗೆ ಹೆಚ್ಚಾಗಿ ಶನಿವಾರ ವಾರದ ಬಟವಾಡೆ. ಅವರಿಗೆ ಅತಿ ಕಷ್ಟದ ರಾತ್ರಿ ಅದೇ, ಆದ್ದರಿಂದ ಗುಂಪೂ ಶನಿವಾರವೇ ಸೇರುತ್ತದೆ. ಸಂಜೆ ಆರೂವರೆಯಿಂದ ಎಂಟೂವರೆ. ರೈಲ್ವೆ ವರ್ಕ್‌ಶಾಪ್, ಸಾರಿಗೆ ಸಂಸ್ಥೆಯವರಿಗೆ ಪಾಳಿ ಇರುತ್ತದೆ. ಪಾಳಿ ತಪ್ಪಿದವರಿಗೆ ವಾರದ ನಡುವೆ ಒಂದು ಬೆಳಗಿನ ಕೂಟ ಇಟ್ಟರೆ ಒಳ್ಳೆಯದು, ನಡೆಸುವವರು ಸಿಕ್ಕರೆ. ಬುಧವಾರದ ಪ್ರಾರ್ಥನಾಕೂಟದ ಜೊತೆಗೇ ಸೇರಿಸೋಣ ಎಂದು ಕಮಿಟಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಅತ್ತೆ, ಬೀಗರು, ಸಂಡೇ ಸ್ಕೂಲ್ ಟೀಚರ್ ಎಲ್ಲರೂ ಕೂತಿರುವ ಕಡೆ ಯಾರೂ ಬಾಯಿ ಬಿಡುವುದಿಲ್ಲ.

ಗುಟ್ಟು ಕಾಯುವುದು ನಮ್ಮಲ್ಲಿ ಬೇರೆ ಊರಿಗಿಂತ ಕಷ್ಟ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗ-ಬೆಟಗೇರಿಗೆ ಬಂದರು. ಅಂದಿನಿಂದ ಬೆಳೆದ ಮನೆತನಗಳು ಒಂದಕ್ಕೊಂದು ಹೆಣ್ಣು ಕೊಟ್ಟು ತಂದು ಹೆಣೆದುಕೊಂಡಿವೆ. ಶನಿವಾರ ಗುಂಪಿನಲ್ಲಿ ಆಡಿದ ಮಾತು ಸೋಮವಾರ ಬೆಟಗೇರಿಯಲ್ಲಿ ಒಂದು ಮದುವೆ ಮಾತುಕತೆಯನ್ನೇ ಮುರಿಯಬಹುದು. ಇದಕ್ಕೆ ಕಂಡುಕೊಂಡ ಉಪಾಯ ಸರಳ: ಧಾರವಾಡದವನು ಹುಬ್ಬಳ್ಳಿಯ ಗುಂಪಿಗೆ, ಹುಬ್ಬಳ್ಳಿಯವನು ಧಾರವಾಡದ್ದಕ್ಕೆ. ಚಿಗರಿ ಬಸ್ಸು ಇದ್ದೇ ಇದೆ. ಹೆಸರು, ಮನೆತನ ಬರೆಯುವ ರಿಜಿಸ್ಟರ್ ಇಡುವುದಿಲ್ಲ. ಎಷ್ಟು ಜನ ಎಂಬ ಸಂಖ್ಯೆ ಮಾತ್ರ ಕಮಿಟಿಗೆ ಹೋಗುತ್ತದೆ. "ಯಾರ್ಯಾರು ಬರ್ತಾರ?" ಎಂದು ಖಜಾಂಚಿ ಕೇಳಿದರೂ ಹೇಳುವುದಿಲ್ಲ. ಶುರು ಮಾಡುವ ಮೊದಲೇ ಇದನ್ನು ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಠರಾವಿನಲ್ಲಿ ಬರೆಸಿಟ್ಟುಕೊಳ್ಳಬೇಕು: ಕೋಣೆ ಯಾವುದು, ಕೀಲಿ ಯಾರ ಕೈಯಲ್ಲಿ, ಚಹಾ ಖರ್ಚು ಎಷ್ಟು, ಹೆಸರು ಕೇಳುವಂತಿಲ್ಲ, ಚಿಕಿತ್ಸೆ ಕೊಡುತ್ತೇವೆ ಎಂದು ಎಲ್ಲೂ ಜಾಹೀರಾತು ಮಾಡುವಂತಿಲ್ಲ.

ಗುಟ್ಟಿಗೆ ಮೂರು ಹೊರತುಗಳಿವೆ, ಅವನ್ನು ಪ್ರತಿ ವಾರ ಮೊದಲೇ ಓದಿ ಹೇಳುತ್ತೇವೆ. ತನ್ನ ಜೀವ ತೆಗೆದುಕೊಳ್ಳುವ ಮಾತು, ಇನ್ನೊಬ್ಬರಿಗೆ ಅಪಾಯ ಮಾಡುವ ಮಾತು, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ. ಕೊನೆಯದನ್ನು ತಿಳಿದೂ ಸುಮ್ಮನಿರುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098. ಪಾಪನಿವೇದನೆಯಲ್ಲಿ ಕೇಳಿದ್ದು ಎಂಬ ನೆಪ ಹೇಳಿ ತಪ್ಪಿಸಿಕೊಳ್ಳಲಾಗದು.

ಕೂಟ ನಡೆಯುವುದು ಹೀಗೆ. ಎರಡು ಹಾಡು, ಹತ್ತು ನಿಮಿಷ. ಒಂದು ವಾರ ಪಾಠ, ಮರುವಾರ ಸಾಕ್ಷಿ (ಒಬ್ಬ ತಾನು ಬದಲಾದ ಕತೆ ಹೇಳುವುದು), ಎರಡಕ್ಕೂ 25 ನಿಮಿಷದ ಮಿತಿ. ಪಾಸ್ಟರೇ ಪಾಠ ಹೇಳಿದರೆ ಅದು 45 ನಿಮಿಷಕ್ಕೆ ಏರುತ್ತದೆ, ಆದ್ದರಿಂದ ಅವರಿಗೆ ತಿಂಗಳಿಗೆ ಒಂದೇ ಸಲ ಅವಕಾಶ. ಆಮೇಲೆ ಒಂದು ಗಂಟೆ ಚಿಕ್ಕ ಗುಂಪು, ಗಂಡಸರು ಬೇರೆ, ಹೆಂಗಸರು ಬೇರೆ ಕೋಣೆ. ಗುಂಪಿಗೆ ಎಂಟಕ್ಕಿಂತ ಹೆಚ್ಚು ಜನ ಬೇಡ. ಒಬ್ಬರಿಗೆ ನಾಲ್ಕು ನಿಮಿಷ ಎಂದರೂ ಎಂಟು ಜನಕ್ಕೆ ಅರ್ಧ ಗಂಟೆ ದಾಟುತ್ತದೆ, ಎರಡನೇ ಸುತ್ತಿಗೆ ಹೊತ್ತು ಉಳಿಯಬೇಕು. ನಿಜವಾದ ಮಾತು ಬರುವುದು ಎರಡನೇ ಸುತ್ತಿನಲ್ಲೇ. ಕೊನೆಗೆ ಚಹಾ.

ಪಾಠಕ್ಕೆ ಎರಡು ಚೌಕಟ್ಟು ಸಿಗುತ್ತವೆ. 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಹುಟ್ಟಿದ, ಕುಡಿತ ಬಿಡುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಮೆಟ್ಟಿಲುಗಳು ಒಂದು. 1991ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನಲ್ಲಿ ಶುರುವಾದ ಸೆಲೆಬ್ರೇಟ್ ರಿಕವರಿ ಇನ್ನೊಂದು. ಇದು ಅದೇ ಮೆಟ್ಟಿಲುಗಳ ಜೊತೆಗೆ ಮತ್ತಾಯ 5ರ ಧನ್ಯವಾಕ್ಯಗಳ ಮೇಲೆ ಎಂಟು ತತ್ವಗಳನ್ನು ಕಟ್ಟಿದೆ. ಎರಡರಲ್ಲಿ ಯಾವುದನ್ನು ಹಿಡಿದರೂ ನಡೆಯುತ್ತದೆ. ಪ್ರತಿ ತಿಂಗಳು ಬದಲಿಸುತ್ತಾ ಹೋದರೆ ನಡೆಯುವುದಿಲ್ಲ.

ಚಿಕ್ಕ ಗುಂಪಿನಲ್ಲಿ ಅತಿ ಕಷ್ಟದ ನಿಯಮ, ಅಡ್ಡ ಮಾತಾಡಬಾರದು ಎಂಬುದು. ನಮ್ಮ ಜನಕ್ಕೆ ಬುದ್ಧಿ ಹೇಳದೆ ಕೂರುವುದು ಗೊತ್ತಿಲ್ಲ. ಒಬ್ಬ "ನಿನ್ನೆ ಮತ್ತೆ ಕುಡಿದೆ" ಎಂದ ಕೂಡಲೇ ಪಕ್ಕದವನು ವಚನ ತೆಗೆಯುತ್ತಾನೆ, ಇನ್ನೊಬ್ಬ ಮನೆಮದ್ದು ಹೇಳುತ್ತಾನೆ. ಮುಂದಾಳು ಅಲ್ಲಿಯೇ ತಡೆಯಬೇಕು, ನಗುತ್ತಲೇ ಆದರೂ ಪ್ರತಿ ಸಲ. ಒಂದು ವಾರ ಬಿಟ್ಟುಕೊಟ್ಟರೆ ಆ ಗುಂಪು ಮತ್ತೊಂದು ಬೈಬಲ್ ಅಧ್ಯಯನವಾಗುತ್ತದೆ, ಕುಡಿದು ಬಿದ್ದವನು ಬರುವುದನ್ನು ನಿಲ್ಲಿಸುತ್ತಾನೆ. ಕುಡಿದೇ ಬಂದವನನ್ನು ಹೊರಗೆ ಹಾಕುವುದಿಲ್ಲ. ಒಬ್ಬ ಮುಂದಾಳು ಅವನ ಜೊತೆ ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕೊಟ್ಟು, ಮಾತಾಡದೆ, ಮನೆ ಮುಟ್ಟಿಸುತ್ತಾನೆ. ಬೈಕಿನ ಕೀಲಿ ಮಾತ್ರ ಮೊದಲು ಇಸಿದುಕೊಳ್ಳಬೇಕು.

ನಾಲ್ಕನೆಯ ಮೆಟ್ಟಿಲಿಗೆ ಬಂದಾಗ ಗುಂಪು ಅರ್ಧಕ್ಕೆ ಇಳಿಯುತ್ತದೆ. ತನ್ನ ಬಾಳಿನ ಲೆಕ್ಕಪತ್ರ ಬರೆಯುವ ಹಂತ ಅದು. ಪುಟದಲ್ಲಿ ಐದು ಕಾಲಂ: ಯಾರು, ಏನಾಯಿತು, ನನಗೆ ಏನಾಯಿತು, ಏನು ಹಾಳಾಯಿತು, ಅದರಲ್ಲಿ ನನ್ನ ಪಾಲೆಷ್ಟು. ಬರೆಯಲು ಬಾರದವರಿಗೆ ಮುಂದಾಳು ಎದುರು ಕೂತು ಬಾಯಿಮಾತಿನಲ್ಲೇ ಮಾಡಿಸುತ್ತಾನೆ, ವಾರಕ್ಕೆ ಒಂದೇ ವ್ಯಕ್ತಿಯ ಲೆಕ್ಕ. ಬರೆದವರ ನೋಟ್‌ಬುಕ್ ಮನೆಗೆ ಹೋಗಬಾರದು. ಗಾದಿಯ ಕೆಳಗೆ ಇಟ್ಟದ್ದು ಹೆಂಡತಿಯ ಕೈಗೆ, ಅಲ್ಲಿಂದ ತವರಿಗೆ ಹೋಗುತ್ತದೆ. ಚರ್ಚಿನ ಕಪಾಟಿನಲ್ಲಿ ಇಟ್ಟು, ಐದನೆಯ ಮೆಟ್ಟಿಲಿನಲ್ಲಿ ಒಬ್ಬನ ಮುಂದೆ ಓದಿ ಮುಗಿದ ಮೇಲೆ ಅವನೇ ಸುಡಲಿ. ಒಂಬತ್ತನೆಯ ಮೆಟ್ಟಿಲು ಆದ ಹಾನಿಯನ್ನು ತುಂಬಿಕೊಡುವುದು. ಅದರಲ್ಲಿ ಒಂದು ಷರತ್ತು ಇದೆ, ಹಾಗೆ ಮಾಡುವುದರಿಂದ ಇನ್ನೊಬ್ಬರಿಗೆ ಪೆಟ್ಟಾಗುವಂತಿದ್ದರೆ ಮಾಡಬೇಡ ಎಂದು. ಹುರುಪಿನಲ್ಲಿ ಮೂರನೇ ವಾರಕ್ಕೇ ಎಲ್ಲ ಅರಿಕೆ ಮಾಡಿಬಿಡುತ್ತೇನೆ ಎಂದು ಹೊರಡುವವರನ್ನು ಹಿಡಿದು ಕೂರಿಸುವುದೂ ನಮ್ಮ ಕೆಲಸವೇ.

ಸಾಕ್ಷಿಯ ವಿಷಯದಲ್ಲಿ ನಮ್ಮದು ಹಟದ ನಿಲುವು. ವರ್ಷ ತುಂಬದೆ ಯಾರೂ ಭಾನುವಾರದ ಆರಾಧನೆಯಲ್ಲಿ ನಿಂತು ಹೇಳುವಂತಿಲ್ಲ. ಸಭೆಗಳಿಗೆ ಅದ್ಭುತ ತೋರಿಸುವ ಆತುರ. 21 ದಿನ ಬಿಟ್ಟವನನ್ನು ಮೈಕಿನ ಮುಂದೆ ನಿಲ್ಲಿಸಿ, ಹಲ್ಲೆಲೂಯ ಹೇಳಿಸಿ, ವಿಡಿಯೋ ಮಾಡಿ ವಾಟ್ಸಾಪ್‌ಗೆ ಬಿಟ್ಟರೆ ಅವನಿಗೆ ವಾಪಸು ಬರುವ ದಾರಿಯೇ ಮುಚ್ಚಿತು. ಮತ್ತೆ ಕುಡಿದ ದಿನ ಅವನು ಸೋತದ್ದು ಬಾಟಲಿಗೆ ಮಾತ್ರ ಅಲ್ಲ, 200 ಜನರ ಮುಂದೆ ಆಡಿದ ಮಾತಿಗೂ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಕುಡಿದವನು ಮರುವಾರ ಬಂದು ಮತ್ತೆ ಮೊದಲನೇ ದಿನದ ಬಿಲ್ಲೆ ತೆಗೆದುಕೊಳ್ಳುವಂತಿರಬೇಕು. 1 ದಿನ, 30, 60, 90 ದಿನ, ಆರು ತಿಂಗಳು, ಒಂಬತ್ತು ತಿಂಗಳು, ವರ್ಷ, ಹೀಗೆ ಬಿಲ್ಲೆ ಕೊಡುತ್ತೇವೆ. ಬಜಾರಿನ ಕೀಚೈನ್ ಬಿಲ್ಲೆಗೆ ಅಂಕಿ ಕೊರೆಸಿದರೆ ಸಾಕು. ಮೊದಲ ದಿನದ ಬಿಲ್ಲೆ ಬೇರೆಲ್ಲಕ್ಕಿಂತ ಹೆಚ್ಚು ಮಾಡಿಸಿಡಬೇಕು.

ಕರ್ತನ ಭೋಜನದ ಬಟ್ಟಲನ್ನು, ಅಂದರೆ ಆರಾಧನೆಯಲ್ಲಿ ಸಭೆಗೆ ಕೊಡುವ ದ್ರಾಕ್ಷಾರಸವನ್ನು, ಮರೆಯುವವರೇ ಹೆಚ್ಚು. ಕುಡಿದರೆ ಮೈಗೆ ಆಗದಂತೆ ಮಾಡಿ ಕುಡಿತದಿಂದ ದೂರ ಇಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವನಿಗೆ ಹುಳಿತ ದ್ರಾಕ್ಷಾರಸ ಸ್ವಲ್ಪವೇ ಹೋದರೂ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಶುರುವಾಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಈ ಅಪಾಯ ಉಳಿಯುತ್ತದೆ. ಮಾತ್ರೆ ಇಲ್ಲದವನಿಗೂ ಆ ರುಚಿ ಸಾಕು. ನಾವು ಒಣದ್ರಾಕ್ಷಿಯ ರಸ ಮಾಡುತ್ತೇವೆ: 250 ಗ್ರಾಂ ಒಣದ್ರಾಕ್ಷಿಯನ್ನು ತೊಳೆದು ಒಂದು ಲೀಟರ್ ನೀರಿನಲ್ಲಿ ಶುಕ್ರವಾರ ರಾತ್ರಿ ನೆನೆಹಾಕಿ, ಶನಿವಾರ 20 ನಿಮಿಷ ಕುದಿಸಿ, ಹಿಸುಕಿ ಸೋಸಿ, ಫ್ರಿಜ್‌ನಲ್ಲಿ ಇಡುವುದು. ಏಪ್ರಿಲ್ ಬಿಸಿಲಿನಲ್ಲಿ ಮೂರು ದಿನ ಮೊದಲೇ ಮಾಡಿ ಹೊರಗಿಟ್ಟರೆ ಅದೂ ಹುಳಿಯುತ್ತದೆ. ಇಡೀ ಸಭೆಗೆ ಇದೇ ರಸ ಕೊಟ್ಟರೆ ಒಳ್ಳೆಯದು. ಒಬ್ಬನಿಗೆ ಮಾತ್ರ ಬೇರೆ ಬಟ್ಟಲು ಹಿಡಿದರೆ ಎಲ್ಲರೆದುರು ಹೆಸರು ಕೂಗಿದಂತೆ.

ಅದೇ ಮಾತ್ರೆಯ ಇನ್ನೊಂದು ಮುಖ ಹೆಂಗಸರ ಗುಂಪಿನಲ್ಲಿ ಕಾಣುತ್ತದೆ. "ಗೊತ್ತಾಗದಂಗ ಸಾರಿನ್ಯಾಗ ಹಾಕಿದ್ರ ಆಗತೈತೇನ್ರಿ?" ಎಂದು ಕೇಳದ ಹೆಂಡತಿಯೇ ಅಪರೂಪ. ಆಗುವುದಿಲ್ಲ. ಅವನು ತಿಳಿಯದೆ ಮೇಲೆ ಕ್ವಾರ್ಟರ್ ಹಾಕಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ಕುಡಿತ ಬಿಡಿಸುವ ಪುಡಿ ಎಂದು ಗೋಡೆಗೆ ಅಂಟಿಸುವ ಜಾಹೀರಾತಿನ ಸರಕಿನಲ್ಲಿ ಏನಿದೆಯೋ ಮಾರುವವನೇ ಬಲ್ಲ. ಹೆಂಡತಿಯರ ಗುಂಪಿಗೆ ನಮ್ಮ ಪಾಠ ಬೇರೆ: ಅವನ ಪರವಾಗಿ ಸಾಹೇಬರಿಗೆ ಸುಳ್ಳು ಫೋನ್ ಮಾಡಬೇಡಿ, ಬಾರಿನ ಉದ್ರಿ ತೀರಿಸಬೇಡಿ, ರೇಷನ್ ಮತ್ತು ಶಾಲೆಯ ದುಡ್ಡು ನಿಮ್ಮ ಖಾತೆಯಲ್ಲಿರಲಿ. ಹೊಡೆತ ಇದ್ದ ಮನೆಗೆ "ಸಹಿಸಿಕೋ, ಪ್ರಾರ್ಥನೆ ಮಾಡು" ಎಂದು ಯಾವ ಹಿರಿಯರೂ ವಾಪಸು ಕಳಿಸುವಂತಿಲ್ಲ. ಮಹಿಳಾ ಸಹಾಯವಾಣಿ 181 ಮತ್ತು ತುರ್ತು ನಂಬರ್ 112 ಆ ಕೋಣೆಯಲ್ಲೂ ಅಂಟಿಸಿದೆ.

ಬರುವವರಲ್ಲಿ ಅನೇಕರು ಕ್ರೈಸ್ತರಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರು ಜೋಳಿಗೆ ಹಿಡಿದು ಚಟಗಳನ್ನು ಭಿಕ್ಷೆ ಬೇಡಿದ ನಾಡಿದು. ಚಟ ಬಿಡಿಸುವ ಜಾಗ ಮಠವಾದರೂ ದೇವಾಲಯವಾದರೂ ಜನ ಬರುತ್ತಾರೆ. ಮೊದಲ ಫೋನಿನಲ್ಲೇ ಸ್ಪಷ್ಟ ಹೇಳಬೇಕು: ಇದು ಚರ್ಚಿನ ಕೂಟ, ಬೈಬಲ್ ಓದು ಮತ್ತು ಪ್ರಾರ್ಥನೆ ಇರುತ್ತದೆ, ನೀವು ಧರ್ಮ ಬದಲಿಸಬೇಕಿಲ್ಲ, ಅದರ ಮಾತೇ ಇಲ್ಲ. ಬಂದವರಿಗೆ ರೇಷನ್ ಕಿಟ್ಟು, ಸಾಲ, ಬಸ್ ಚಾರ್ಜು ಯಾವುದೂ ಇಲ್ಲ. ಕೊಟ್ಟರೆ ಹೊರಗಿನವರಿಗೆ ಆಮಿಷವಾಗಿ ಕಾಣುತ್ತದೆ. ಕೊಟ್ಟ 50 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂಬುದಂತೂ ನಮಗೆಲ್ಲ ಗೊತ್ತು.

ಮುಂದಾಳುಗಳಿಗೆ ಕನಿಷ್ಠ ನಾಲ್ಕು ಗಂಡಸರು, ಇಬ್ಬರು ಹೆಂಗಸರು ಬೇಕು. ತಾವೇ ಚಟ ಬಿಟ್ಟವರಾದರೆ ಬಿಟ್ಟು ವರ್ಷವಾದರೂ ಆಗಿರಬೇಕು. ಗುಟ್ಕಾ ಬಾಯಲ್ಲಿಟ್ಟುಕೊಂಡು ಕುಡಿತದ ಪಾಠ ಹೇಳುವ ಮುಂದಾಳು ನಮ್ಮ ಭಾಗದ ಹಳೆಯ ಕಾಯಿಲೆ. ತಂಬಾಕಿಗೆ 1800-11-2356 ಸಹಾಯವಾಣಿ ಇದೆ, ಮೊದಲು ಅದಕ್ಕೆ ಫೋನ್ ಮಾಡಿಸಿ. ಒಬ್ಬರೇ ಎಲ್ಲ ಹೊತ್ತುಕೊಂಡ ಗುಂಪುಗಳು ಆ ಒಬ್ಬರಿಗೆ ವರ್ಗವಾದ ತಿಂಗಳೇ ಮುಚ್ಚುತ್ತವೆ. ಕೀಲಿ ಇಬ್ಬರ ಹತ್ತಿರ ಇರಲಿ.

ಉಳಿದದ್ದು ಕ್ಯಾಲೆಂಡರ್. ಹೋಳಿಯಾದ ಐದನೆಯ ದಿನದ ಹುಬ್ಬಳ್ಳಿಯ ರಂಗಪಂಚಮಿ, ಗಣೇಶನ ಮೆರವಣಿಗೆ, ಮೇ ತಿಂಗಳ ಮದುವೆಗಳು, ಕ್ರಿಸ್‌ಮಸ್‌ನಿಂದ ಹೊಸ ವರ್ಷದ ವಾರ, ಜಾರುವವರು ಹೆಚ್ಚಾಗಿ ಈ ದಿನಗಳಲ್ಲೇ ಜಾರುತ್ತಾರೆ. ಆ ದಿನ ಕೂಟ ರದ್ದು ಮಾಡುವ ಮಾತೇ ಬೇಡ, ಬೇಕಾದರೆ ಮಧ್ಯಾಹ್ನದಿಂದಲೇ ಕೋಣೆ ತೆರೆಯಿರಿ, ಕೇರಂ ಬೋರ್ಡ್ ಹಾಕಿ, ಮಿರ್ಚಿ-ಮಂಡಕ್ಕಿ ತರಿಸಿ. 31ರ ರಾತ್ರಿ ವರ್ಷಾಂತ್ಯದ ಆರಾಧನೆ ಹನ್ನೆರಡಕ್ಕೆ ಮುಗಿದು ಜನ ಕೈಕುಲುಕಿ ಮನೆಗೆ ಹೊರಡುತ್ತಾರೆ, ಅದೇ ಹೊತ್ತಿಗೆ ರಸ್ತೆಯಲ್ಲಿ ಬಾಟಲಿ ತೆರೆಯುತ್ತವೆ. ಗುಂಪಿನವರನ್ನು ಒಂದು ಗಂಟೆಯ ತನಕ ಚಹಾಕ್ಕೆ ನಿಲ್ಲಿಸಿ, ಒಬ್ಬೊಬ್ಬರನ್ನೂ ಮನೆ ಬಾಗಿಲಿಗೆ ಬಿಟ್ಟು ಬರಬೇಕು. ಅದಕ್ಕೆ ಗಾಡಿ ಇರುವ ಇಬ್ಬರನ್ನು ನವೆಂಬರಿನಲ್ಲೇ ಗೊತ್ತು ಮಾಡಿಟ್ಟುಕೊಳ್ಳಿ, ಡಿಸೆಂಬರ್ ಕೊನೆಗೆ ಕೇಳಿದರೆ ಯಾರೂ ಸಿಗುವುದಿಲ್ಲ.